ಒಂಬತ್ತು ಮಳೆಗಳ ಪಾಠ

(ಪ್ರಾಥಮಿಕ ಶಾಲಾ ಶಿಕ್ಷಕರು, ಪಾಲಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಶಾಲೆಯ ಮೊದಲ ಅವಧಿಯನ್ನು ಇಲಾಖೆಯ ಕಡತಗಳು ಜೂನ್ ತಿಂಗಳಿನಿಂದ ದಸರಾ ರಜೆಯವರೆಗೆ ಎಂದು ಗುರುತಿಸುತ್ತವೆ. ರೈತನ ಲೆಕ್ಕದಲ್ಲಿ ಅದೇ ಅವಧಿಗೆ ಬೇರೆ ಹೆಸರುಗಳಿವೆ: ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಪುಬ್ಬಾ, ಉತ್ತರಾ, ಹಸ್ತಾ. ಒಂದೊಂದು ಮಳೆಗೆ ಹದಿಮೂರು-ಹದಿನಾಲ್ಕು ದಿನ. ಈ ಒಂಬತ್ತು ಮಳೆಗಳು ಮುಗಿಯುವ ಹೊತ್ತಿಗೆ ತರಗತಿಯ ಅರ್ಧ ವರ್ಷದ ಕಲಿಕೆಯೂ ಮುಗಿದಿರುತ್ತದೆ. ಎರಡು ಪಂಚಾಂಗಗಳೂ ಒಂದೇ ಊರಿನಲ್ಲಿ, ಒಂದೇ ಮಗುವಿನ ಮೇಲೆ ನಡೆಯುತ್ತಿದ್ದರೂ ಅವು ಪರಸ್ಪರ ಮುಖ ನೋಡುವುದು ಅಪರೂಪ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಒಂದು ಕಿರಿಯ ತರಗತಿ ಈ ಅವಧಿಯಲ್ಲಿ ಏನನ್ನು ಕಲಿಯುತ್ತದೆ, ಏನನ್ನು ಮಾಡುತ್ತದೆ, ಇನ್ನೇನನ್ನು ಮಾಡಬಹುದು ಎಂಬುದು ಇಂದಿನ ವಿಷಯ.

ನಲಿ-ಕಲಿ ಪದ್ಧತಿ ನಮ್ಮ ರಾಜ್ಯದಲ್ಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಮದನಪಲ್ಲಿ ಸಮೀಪದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗವನ್ನು ಕಂಡು ಬಂದ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನೊಡನೆ ಅದನ್ನು ಕನ್ನಡದ ನೆಲಕ್ಕೆ ಹೊಂದಿಸಿದರು. 2009-10ನೆಯ ಸಾಲಿನಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳ ಮೊದಲೆರಡು ತರಗತಿಗಳಿಗೆ, ಅನಂತರ ಮೂರನೆಯ ತರಗತಿಗೂ ವಿಸ್ತರಿಸಿತು. ಪಠ್ಯಪುಸ್ತಕದ ಬದಲು ಕಾರ್ಡುಗಳು, ಸಾಲುಬೆಂಚಿನ ಬದಲು ತಟ್ಟೆಗಳ ಸುತ್ತ ಗುಂಪುಗಳು, ಗೋಡೆಯ ಮೇಲೆ ಕಲಿಕಾ ಏಣಿ. ಪ್ರತಿ ಮಗು ತನ್ನ ಮೆಟ್ಟಿಲನ್ನು ತಾನೇ ಹುಡುಕಿಕೊಂಡು ಮುಂದಿನ ಕಾರ್ಡನ್ನು ಎತ್ತಿಕೊಳ್ಳುತ್ತದೆ. ಕನ್ನಡ, ಗಣಿತ, ಪರಿಸರ ಅಧ್ಯಯನ ಮೂರೂ ಈ ಏಣಿಯಲ್ಲಿಯೇ ಸಾಗುತ್ತವೆ.

ಆ ಗೋಡೆಯ ಮೇಲೆ ಇನ್ನೆರಡು ವಸ್ತುಗಳಿರುತ್ತವೆ. ಒಂದು ಹವಾಮಾನ ನಕ್ಷೆ, ಇನ್ನೊಂದು ಮಕ್ಕಳೇ ಗುರುತು ಮಾಡುವ ಹಾಜರಾತಿ ನಕ್ಷೆ. ಬೆಳಿಗ್ಗೆ ಒಂದು ಮಗು ಎದ್ದು ಹೋಗಿ ಬಿಸಿಲೋ ಮೋಡವೋ ಮಳೆಯೋ ಎಂದು ಗುರುತು ಹಾಕುತ್ತದೆ. ಬಣ್ಣದ ಸೂರ್ಯನೇ ಚೆಂದವೆಂದು ಮೋಡ ಮುಸುಕಿದ ದಿನವೂ ಸೂರ್ಯನನ್ನೇ ತೋರಿಸುವ ಮಕ್ಕಳಿದ್ದಾರೆ; ಕೂಡಲೇ ಪಕ್ಕದ ಮಗು ತಕರಾರು ತೆಗೆದು ಎಲ್ಲರನ್ನೂ ಅಂಗಳಕ್ಕೆ ಕರೆದೊಯ್ಯುತ್ತದೆ. ಇದಕ್ಕಿಂತ ಒಳ್ಳೆಯ ವಿಜ್ಞಾನದ ತರಗತಿಯನ್ನು ವಿಶ್ವವಿದ್ಯಾಲಯಗಳೂ ನಡೆಸುವುದು ಕಷ್ಟ. ಆದರೆ ತಿಂಗಳು ಕಳೆದೊಡನೆ ಆ ನಕ್ಷೆಯನ್ನು ಅಳಿಸಿಬಿಟ್ಟರೆ ನಿಜವಾದ ನಷ್ಟ ಅಲ್ಲಿಂದ ಪ್ರಾರಂಭವಾಗುತ್ತದೆ. ಮೂವತ್ತು ದಿನಗಳ ಗುರುತುಗಳನ್ನು ಒಂದು ಹಾಳೆಗೆ ಇಳಿಸಿ, ತಿಂಗಳ ಹೆಸರಿನ ಪಕ್ಕದಲ್ಲಿ ಮಳೆಯ ಹೆಸರನ್ನೂ ಬರೆದಿಟ್ಟರೆ ಸಾಕು, ಐದು ವರ್ಷಗಳಲ್ಲಿ ಆ ಊರಿಗೆ ಒಂದು ದಾಖಲೆ ದೊರೆಯುತ್ತದೆ. ಮಳೆಯ ಹೆಸರುಗಳನ್ನು ಮನೆಯ ಅಜ್ಜಿಯಿಂದ ಕೇಳಿ ಬರುವುದೇ ಮಕ್ಕಳಿಗೆ ಒಂದು ವಾರದ ಕೆಲಸ.

ನಾಲ್ಕು, ಐದನೆಯ ತರಗತಿಗಳ ಮಕ್ಕಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಲ್ಲರು. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ತಗಡಿನ ಡಬ್ಬಿ, ಒಂದು ಅಳತೆಪಟ್ಟಿ, ಮರ ಮತ್ತು ಗೋಡೆಗಳಿಂದ ದೂರವಾದ ಬಯಲು—ಇಷ್ಟಿದ್ದರೆ ಮಳೆಮಾಪಕ ಸಿದ್ಧ. ತಳ ಉಬ್ಬುತಗ್ಗಾದ ಪ್ಲಾಸ್ಟಿಕ್ ಬಾಟಲಿಯಾದರೆ ನೇರ ಗೋಡೆ ಪ್ರಾರಂಭವಾಗುವವರೆಗೆ ನೀರು ತುಂಬಿಸಿ ಅಲ್ಲಿಯೇ ಸೊನ್ನೆಯ ಗೆರೆ ಎಳೆಯಬೇಕು. ಪ್ರಾರ್ಥನೆಗೆ ಮುನ್ನ ದಿನವೂ ಒಂದೇ ವೇಳೆಗೆ ಓದಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಬಿದ್ದ 1 ಮಿ.ಮೀ. ಮಳೆಯೆಂದರೆ 1 ಲೀಟರ್ ನೀರು. 60 ಚದರ ಮೀಟರಿನ ಶಾಲಾ ಮಾಳಿಗೆಯ ಮೇಲೆ 10 ಮಿ.ಮೀ. ಮಳೆ ಸುರಿದರೆ 600 ಲೀಟರ್. ಬಿಸಿಯೂಟದ ತಟ್ಟೆ ತೊಳೆಯಲು ದಿನಕ್ಕೆ ಎಷ್ಟು ಬಿಂದಿಗೆ ಬೇಕೆಂದು ಮಕ್ಕಳೇ ಎಣಿಸಿ ಎರಡನ್ನೂ ಹೋಲಿಸಿದಾಗ ಗುಣಾಕಾರ ತಾನಾಗಿ ಬರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಅದರ ಅಂಕಿಗೂ ಡಬ್ಬಿಯ ಅಂಕಿಗೂ ವ್ಯತ್ಯಾಸ ಬಂದರೆ ಕಾರಣವನ್ನು ಹುಡುಕಲಿ. ಊರಿನ ಆ ಕಡೆಗೆ ಮಳೆ, ಈ ಕಡೆಗೆ ಬಿಸಿಲು ಎಂಬುದು ಇಲ್ಲಿ ಯಾರಿಗೆ ಗೊತ್ತಿಲ್ಲ?

ಸಕಲೇಶಪುರದ ಘಟ್ಟದಂಚಿನಲ್ಲಿ ವರ್ಷಕ್ಕೆ 2000 ಮಿ.ಮೀ. ಮೀರುವ ಮಳೆ ಚನ್ನರಾಯಪಟ್ಟಣವನ್ನು ತಲುಪುವಷ್ಟರಲ್ಲಿ 700ರ ಆಸುಪಾಸಿಗೆ ಇಳಿದಿರುತ್ತದೆ. ಅರಕಲಗೂಡಿನ ಪಶ್ಚಿಮ ಭಾಗ ಅರೆಮಲೆನಾಡಾದರೆ ಹೊಳೆನರಸೀಪುರದ ಪೂರ್ವ ಭಾಗ ಅಪ್ಪಟ ಬಯಲು. ಆದರೂ ಎಲ್ಲ ಶಾಲೆಗಳಿಗೂ ಗಿಡ ನೆಡುವ ದಿನ ಒಂದೇ, ಜೂನ್ 5. ಘಟ್ಟದ ಕಡೆ ಆ ಗಿಡ ಬದುಕಿಕೊಳ್ಳುತ್ತದೆ. ಚನ್ನರಾಯಪಟ್ಟಣದ ಕಡೆ ಬಲವಾದ ಮಳೆ ಬರುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಜೂನ್‌ನಲ್ಲಿ ನೆಟ್ಟ ಸಸಿ ಅಲ್ಲಿಯವರೆಗೆ ಬಾಯಾರಿ ನಿಲ್ಲುತ್ತದೆ. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಹೊಸ ಸಸಿ, ಹೊಸ ಛಾಯಾಚಿತ್ರ. ಆ ತರಗತಿಯ ಮಕ್ಕಳು ಜೂನ್ 5ರಂದು ಹೊಸ ಗಿಡ ನೆಡುವ ಬದಲು ಕಳೆದ ವರ್ಷದ ಗಿಡಗಳಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಿ ಬರೆಯುವುದು ಒಳ್ಳೆಯದು. ನೆಡುವ ಕೆಲಸವನ್ನು ಪುಬ್ಬಾ ಮಳೆಗೆ ಇಟ್ಟುಕೊಂಡರೆ ಪರಿಸರಕ್ಕೆ ಯಾವ ಅಪಚಾರವೂ ಆಗದು.

ಹವಾಮಾನ ನಕ್ಷೆ ಶಾಲೆಯ ಹೊರಗೂ ಉಪಯೋಗಕ್ಕೆ ಬರುತ್ತದೆ. ಹಾಸನದ ಆಲೂಗಡ್ಡೆಗೆ ಬಿತ್ತನೆ ಬೀಜ ಬರುವುದು ಬಹುಪಾಲು ಪಂಜಾಬಿನ ಜಲಂಧರದಿಂದ. ಮುಂಗಾರಿಗೆ ನೆಟ್ಟ ಬೆಳೆಯನ್ನು ಕೊನೆಯ ಅಂಗಮಾರಿ ರೋಗ ಹಿಡಿಯುವುದು ನಾಲ್ಕಾರು ದಿನ ಬಿಡದೆ ಮೋಡ, ಜಡಿಮಳೆ, ತಂಪು ಕೂಡಿ ಬಂದಾಗ. 1845ರಲ್ಲಿ ಐರ್ಲೆಂಡನ್ನು ಕ್ಷಾಮಕ್ಕೆ ತಳ್ಳಿದ್ದು ಇದೇ ರೋಗಾಣು. ಎಲೆಯ ಅಂಚು ಕಪ್ಪಾಗಿ, ಅಡಿಯಲ್ಲಿ ಬಿಳಿಯ ಬೂಷ್ಟು ಕಂಡಮೇಲೆ ಔಷಧ ಸಿಂಪಡಿಸುವುದು ಬಹಳ ಸಲ ತಡವೇ. ಇಂಥ ಪೆಟ್ಟುಗಳ ನಡುವೆ ಎಷ್ಟೋ ಹೊಲಗಳು ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿವೆ. ಮೂರನೆಯ ತರಗತಿಯ ನಕ್ಷೆಯಲ್ಲಿ ಮೂರು ದಿನ ಸಾಲಾಗಿ ಮೋಡವೂ ಮಳೆಯೂ ಬಿದ್ದಿದ್ದರೆ, ಆ ಸಂಜೆ ಮಗು ಅಪ್ಪನಿಗೆ ಹೊಲ ನೋಡಿ ಬಾ ಎಂದು ಹೇಳುವಷ್ಟು ತಿಳಿವಳಿಕೆ ಅದರಲ್ಲಿ ಅಡಗಿದೆ.

ಇನ್ನು ಹಾಜರಾತಿ ನಕ್ಷೆ. ಇದನ್ನು ಓದುವಾಗ ಎಲ್ಲರೂ ಸ್ವಲ್ಪ ತಲೆ ತಗ್ಗಿಸಬೇಕಾಗುತ್ತದೆ. ಆಶ್ಲೇಷಾ, ಮಘಾ ಮಳೆಗಳ ಹೊತ್ತಿಗೆ ಹಾಸನದ ಕಡೆ ಆಲೂಗಡ್ಡೆ ಕೀಳುವ ಕಾಲ. ಅರಕಲಗೂಡಿನ ಕಡೆ ತಂಬಾಕಿನ ಎಲೆ ಬಿಡಿಸಿ, ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ ಬೇಯಿಸುವ ಕಾಲ. ಬೇಯಿಸಿ ಹದಗೊಂಡ ಎಲೆಯ ಹಲವು ಪಟ್ಟು ತೂಕದ ಸೌದೆ ಒಲೆಗೆ ಹೋಗುತ್ತದೆ. ಅದು ಯಾವ ಕಾಡಿನದು, ಯಾವ ತೋಪಿನದು ಎಂಬ ಪ್ರಶ್ನೆಯನ್ನು ಪರಿಸರಾಸಕ್ತರು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಎಲೆ ಕಟ್ಟುವ ಬೆರಳುಗಳು ಯಾರವು ಎಂಬುದನ್ನು ಅಷ್ಟು ಗಟ್ಟಿಯಾಗಿ ಕೇಳಿದವರು ಕಡಿಮೆ. ಮಳೆಗೆ ತೊಯ್ದ ಹಸಿ ತಂಬಾಕಿನ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಸೇರುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ ಬರುತ್ತವೆ. ಎಳೆಯ ಮೈಗೆ ಅದರ ಪೆಟ್ಟು ಹೆಚ್ಚು. ಮಗುವಿಗೆ ದೃಷ್ಟಿಯಾಯಿತೆಂದು ನಿವಾಳಿಸುವ ತಾಯಿಗೆ ಈ ಸಂಗತಿಯನ್ನು ಯಾರಾದರೂ ತಿಳಿಸಬೇಕು. 2016ರ ತಿದ್ದುಪಡಿಯಾದ ಕಾಯಿದೆ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಮನೆಯವರಿಗೆ ನೆರವಾಗುವುದನ್ನು ಶಾಲೆಯ ಹೊತ್ತಿನ ಹೊರಗೆ ಅಥವಾ ರಜೆಯಲ್ಲಿ ಮಾತ್ರ, ಅದೂ ಅಪಾಯಕಾರಿಯಲ್ಲದ ಕೆಲಸದಲ್ಲಿ ಮಾತ್ರ ಒಪ್ಪುತ್ತದೆ.

ಇಲ್ಲಿಯೇ ಏಣಿಯ ಮಹತ್ವ ಕಾಣುವುದು. ಹತ್ತು ದಿನ ತಪ್ಪಿಸಿಕೊಂಡ ಎರಡನೆಯ ತರಗತಿಯ ಮಗು ಮರಳಿ ಬಂದಾಗ ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಏಣಿ ಅದನ್ನು ಕಾಯುತ್ತದೆ. ಆದರೆ ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ಹೊಲದ ಕೆಲಸಕ್ಕೆ ಮಗುವಿನ ಕೈ ಒದಗುವುದು ಬಹುಮಟ್ಟಿಗೆ ನಾಲ್ಕನೆಯ ತರಗತಿಯಿಂದ. ಅಲ್ಲಿ ಪಠ್ಯಪುಸ್ತಕವಿದೆ, ಅದು ಯಾರನ್ನೂ ಕಾಯದು. ಭಿನ್ನರಾಶಿಯ ಪಾಠ ನಡೆದ ವಾರವೇ ಆಲೂಗಡ್ಡೆ ಕಿತ್ತ ಮಗುವಿಗೆ ಭಿನ್ನರಾಶಿ ಆ ವರ್ಷವೆಲ್ಲ ಒಗಟಾಗಿಯೇ ಉಳಿಯುತ್ತದೆ. ಅದನ್ನು ದಡ್ಡತನವೆಂದು ಕರೆಯುವುದು ನ್ಯಾಯವಲ್ಲ.

2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. ಅದರ ಸದಸ್ಯರು ಪಾಲಕರು, ಅಂದರೆ ಆಲೂಗಡ್ಡೆ, ತಂಬಾಕು ಬೆಳೆದವರೇ. ಜೂನ್ ತಿಂಗಳ ಸಭೆಯಲ್ಲಿ ತಮ್ಮ ಊರಿನ ಕೊಯ್ಲು ಯಾವ ಮಳೆಗೆ ಬೀಳಬಹುದೆಂದು ಅವರು ಹೇಳಿದರೆ, ಶಿಕ್ಷಕರು ಆ ಹದಿನೈದು ದಿನಗಳಿಗೆ ಹೊಸ ಪಾಠವಿಡದೆ ಪುನರಾವರ್ತನೆ, ಚಟುವಟಿಕೆಗಳನ್ನು ಇಟ್ಟುಕೊಳ್ಳಬಹುದು. ಪ್ರತಿಯಾಗಿ ಪಾಲಕರೂ ಒಂದು ಮಾತು ಕೊಡಬೇಕು: ಶಾಲೆಯ ಹೊತ್ತಿನಲ್ಲಿ ಮಗು ಹೊಲದಲ್ಲಿ ಇರಬಾರದು, ತಂಬಾಕಿನ ಎಲೆಯನ್ನು ಯಾವ ಹೊತ್ತಿನಲ್ಲಿಯೂ ಮುಟ್ಟಬಾರದು. ಕೂಲಿಯಾಳು ಸಿಗುವುದಿಲ್ಲವೆಂಬ ಪಾಲಕರ ಅಳಲು ಸುಳ್ಳಲ್ಲ. ಮುಯ್ಯಾಳಿನ ಪದ್ಧತಿಯನ್ನು ಮರಳಿ ಹಿಡಿಯುವ ಬಗ್ಗೆ ಅದೇ ಸಭೆಯಲ್ಲಿ ಮಾತಾಗಲಿ.

ಹೊಲದ ಜ್ಞಾನ ಶಾಲೆಗೆ ಬರಲು ಮಗು ಶಾಲೆ ಬಿಡಬೇಕಾಗಿಲ್ಲ. ಮನೆಯಿಂದ ತಂದ ರಾಗಿಯ ನೂರು ಕಾಳುಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿಟ್ಟು, ಮೊಳೆತವನ್ನು ಎಣಿಸಿದರೆ ಶೇಕಡಾವಾರು ಅರ್ಥವಾಗುತ್ತದೆ. ಅಪ್ಪನಿಗೆ ತನ್ನ ಬೀಜದ ಯೋಗ್ಯತೆಯೂ ತಿಳಿಯುತ್ತದೆ. ಶಾಲೆಯ ಸೂರಿನ ಹನಿ ಎಲ್ಲಿಗೆ ಹೋಗುತ್ತದೆಂದು ನಕ್ಷೆ ಬರೆಯಲಿ: ಅರಕಲಗೂಡಿನ ಮಕ್ಕಳಿಗೆ ಉತ್ತರದಲ್ಲಿ ಹೇಮಾವತಿ, ದಕ್ಷಿಣದಲ್ಲಿ ಕಾವೇರಿ, ಹಾಸನದವರಿಗೆ ಗೊರೂರಿನ ಅಣೆಕಟ್ಟು, ಚನ್ನರಾಯಪಟ್ಟಣದವರಿಗೆ ಮೊದಲು ತಮ್ಮೂರ ಕೆರೆ, ಅನಂತರ ತಮ್ಮ ನೆಲದಡಿಯ ಬಾಗೂರು–ನವಿಲೆ ಸುರಂಗದಲ್ಲಿ ಹಾದು ತುಮಕೂರಿನತ್ತ ಸಾಗುವ ನೀರು. ಆ ನೀರು ನಮ್ಮ ಕೆರೆಗೇಕೆ ಬರಲಿಲ್ಲ ಎಂದು ಮಗು ಕೇಳಿದರೆ ಶಿಕ್ಷಕರು ಗದರಿಸದಿರಲಿ.

ಹಸ್ತಾ ಮಳೆಯ ಹೊತ್ತಿಗೆ ಅರ್ಧವಾರ್ಷಿಕ ಪರೀಕ್ಷೆ ಮುಗಿದಿರುತ್ತದೆ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಎಲೆ ಸಾಗಿಸುವ ಸಿದ್ಧತೆ ನಡೆದಿರುತ್ತದೆ. ರಜೆಗೆ ಬೀಗ ಹಾಕುವ ಮುನ್ನ ಎರಡೂ ನಕ್ಷೆಗಳ ಹಾಳೆಗಳನ್ನು ಸಮಿತಿಯ ಸಭೆಯಲ್ಲಿ ಅಕ್ಕಪಕ್ಕದಲ್ಲಿ ಹರಡಿ, ಯಾವ ಮಳೆಯಲ್ಲಿ ಎಷ್ಟು ಮಕ್ಕಳು ಬರಲಿಲ್ಲ ಎಂದು ಐದನೆಯ ತರಗತಿಯ ಒಂದು ಮಗುವಿನಿಂದ ಗಟ್ಟಿಯಾಗಿ ಓದಿಸಬೇಕು. ಚಿತ್ತಾ ಮಳೆಯಲ್ಲಿ ಶಾಲೆ ಮತ್ತೆ ತೆರೆದಾಗ ಆ ಹಾಳೆಗಳು ಗೋಡೆಯ ಮೇಲೆಯೇ ಇರಲಿ.