ಅಳಿವೆಯ ಅಗಲ, ಅಳಿವೆಯ ಆಳ



ಒಬ್ಬರ ಜೀವನಚರಿತ್ರೆಗೆ ಜಗತ್ತಿನಲ್ಲಿ ಎಷ್ಟು ಪ್ರಸಿದ್ಧಿ ಇದೆ ಎಂದು ಅಳೆಯುವ ವಿಧಾನಗಳು ಈಗ ಬಂದಿವೆ. ಅಮೆರಿಕದ ಎಂಐಟಿಯಲ್ಲಿ ಸೀಸರ್ ಹಿಡಾಲ್ಗೊ ಅವರ ತಂಡ ರೂಪಿಸಿದ ‘ಪ್ಯಾಂಥಿಯನ್’ ಅಂಥದ್ದೊಂದು. ಅದರ ಮೊದಲ ದತ್ತಾಂಶದಲ್ಲಿ 11,341 ಜನರಿದ್ದರು. ಅದರಲ್ಲಿ ಸೇರಲು ವಿಕಿಪೀಡಿಯದ 25ಕ್ಕಿಂತ ಹೆಚ್ಚು ಭಾಷೆಗಳಲ್ಲಿ ಲೇಖನವಿರಬೇಕಿತ್ತು. ಎಷ್ಟು ಭಾಷೆ, ಓದು ಆ ಭಾಷೆಗಳಲ್ಲಿ ಹೇಗೆ ಹಂಚಿಕೊಂಡಿದೆ, ವ್ಯಕ್ತಿ ಹುಟ್ಟಿ ಎಷ್ಟು ಕಾಲವಾಯಿತು, ಓದುಗರ ಬರವು ಸ್ಥಿರವೋ ಏರಿಳಿತವೋ ಎಂಬುದನ್ನು ಕೂಡಿಸಿ ಅಂಕ ಕೊಡುತ್ತಾರೆ.

ಈ ಅಳತೆಗೋಲನ್ನು ನಮ್ಮ ಕರಾವಳಿಯ ಕೋಟಕ್ಕೆ ತಂದು, ಆ ಊರಿನ ಸಾಹಿತಿ ಶಿವರಾಮ ಕಾರಂತರ ಮುಂದೆ ಹಿಡಿದು ನೋಡೋಣ. 1902ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡ ಅವರು ಕಾದಂಬರಿ ಬರೆದರು, ಮಕ್ಕಳಿಗೆ ವಿಶ್ವಕೋಶ ಕೊಟ್ಟರು, ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು, ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ ಬಂತು, ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ಹಿಂತಿರುಗಿಸಿದರು. ಆದರೆ ಇಂಥವರ ಬಗ್ಗೆ ಲೇಖನವಿರುವ ಭಾಷೆಗಳನ್ನು ಎಣಿಸುವಾಗ ಮೂರು ಸಾಲಿನ ಲೇಖನವೂ ಮೂವತ್ತು ಪುಟದ ಲೇಖನವೂ ಒಂದೊಂದೇ. ಎಣಿಕೆಗೆ ಸಿಗುವವರು ಕಾರಂತರನ್ನು ಓದಿದವರಲ್ಲ, ಕಾರಂತರ ಬಗ್ಗೆ ಬರೆಯಲು ಕೂತ ಸ್ವಯಂಸೇವಕರು. ಭಾಷೆಗಳ ಸಂಖ್ಯೆ ಮೊದಲಿಗೆ ಅಳೆಯುವುದು ಅನುವಾದದ ದುಡಿಮೆಯನ್ನು, ಖ್ಯಾತಿಯನ್ನಲ್ಲ. ನನ್ನ ವಾದ ಇಷ್ಟೇ. ಈ ಕರಾವಳಿಯ ದೋಣಿಯವರಿಗೆ ಇದು ಹೊಸ ಮಾತಲ್ಲ. ಅಳಿವೆ ಎಷ್ಟೇ ಅಗಲವಿರಲಿ, ಹೂಳು ತುಂಬಿದ್ದರೆ ದೋಣಿ ದಾಟದು.

ಇದಕ್ಕೆ ಆಕ್ಷೇಪವಿದೆ, ಅದು ಗಟ್ಟಿಯಾದದ್ದೇ. ಇಂಗ್ಲಿಷಿನ ಭಾರ ಗೊತ್ತಿದ್ದೇ ಹಿಡಾಲ್ಗೊ ಅವರ ತಂಡ ಪುಟವೀಕ್ಷಣೆಯ ಎಣಿಕೆಯಿಂದ ಇಂಗ್ಲಿಷನ್ನು ಹೊರಗಿಟ್ಟಿತು. ಓದುಗರೇ ಇಲ್ಲದ ಭಾಷಾ ಆವೃತ್ತಿಯ ತೂಕವನ್ನೂ ಇಳಿಸಿತು. ಈ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆದರೆ ತಿದ್ದುಪಡಿ ಕೆಲಸ ಮಾಡುವುದು ಹೊಸ್ತಿಲು ದಾಟಿದವರ ಮೇಲೆ ಮಾತ್ರ. 25 ಭಾಷೆಗಳ ಹೊಸ್ತಿಲಿನಾಚೆ ಉಳಿದವರಿಗೆ ಆ ದತ್ತಾಂಶದಲ್ಲಿ ಅಂಕವೇ ಇರಲಿಲ್ಲ. ನಮ್ಮ ಭಾಷೆಗಳ ಸ್ಥಿತಿಯನ್ನೇ ನೋಡಿ: ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು, ತುಳುವಿನದು 2016ರಲ್ಲಿ. ಈ ಸೀಮೆಯ ಆಡುಮಾತಾದ ಕುಂದಗನ್ನಡಕ್ಕೆ ಅಂಥದ್ದೊಂದು ಇಲ್ಲ.

ಹಾಗಾದರೆ ಎಣಿಸುವುದನ್ನೇ ಬಿಡೋಣವೆ? ಬಿಡಬಾರದು. ಎಣಿಕೆಯಿಲ್ಲದ ಕಡೆ ‘ವಿಶ್ವವಿಖ್ಯಾತ’ ಎಂಬ ಪದ ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರಿನ ಹಿಂದೆ ಬೇಕಾದರೂ ಕೂರುತ್ತದೆ, ಅದರಿಂದ ಕಾರಂತರಂಥವರಿಗೇ ಅನ್ಯಾಯ. ಆಳವನ್ನೂ ಎಣಿಸೋಣ ಎನ್ನುತ್ತೇನೆ: ಕೃತಿಗಳ ಅನುವಾದ, ಮರುಮುದ್ರಣ, ಪಠ್ಯಪುಸ್ತಕ, ಗ್ರಂಥಾಲಯದಿಂದ ಮನೆಗೆ ಹೋದ ಪ್ರತಿ. ಪುಸ್ತಕ ಬರೆಯದೆ ಹೆಸರಾದವರಿಗೂ ಇಂಥ ಎಣಿಕೆ ಸಾಧ್ಯ; ಗುಂಡ್ಮಿ ಕಾಳಿಂಗ ನಾವಡರನ್ನು ನೋಡಿ. ಯಕ್ಷಗಾನದ ಸಾಲಿಗ್ರಾಮ ಮೇಳದಲ್ಲಿ ಪದ ಹೇಳುತ್ತಿದ್ದ ಭಾಗವತರು, 1990ರಲ್ಲಿ, ಮೂವತ್ತರ ಆಸುಪಾಸಿನಲ್ಲೇ ಹೋದರು. ಅವರ ಖ್ಯಾತಿ ಓದಿನಿಂದ ಬಂದದ್ದಲ್ಲ, ಕಿವಿಯಿಂದ ಬಂದದ್ದು; ಕ್ಯಾಸೆಟ್ಟಿನಲ್ಲಿ ಹಬ್ಬಿದ್ದು. ಆ ಕ್ಯಾಸೆಟ್ಟುಗಳು ಎಷ್ಟು ಅಚ್ಚಾದವು, ಯಾವ ಊರಿಗೆ ಹೋದವು, ಇವತ್ತು ಅವರ ಶೈಲಿಯಲ್ಲಿ ಪದ ಹೇಳುವ ಭಾಗವತರು ಎಷ್ಟು ಮಂದಿ ಎಂಬ ಪಟ್ಟಿಯನ್ನು ಈಗಲೇ ಶುರುಮಾಡಬಹುದು. ನಾವಡರು ಹಾಡಿದ ಆಟಗಳನ್ನು ರಾತ್ರಿಯಿಡೀ ಕೂತು ನೋಡಿದವರು ಕುಂದಾಪುರ, ಬ್ರಹ್ಮಾವರ, ಬೈಂದೂರಿನಲ್ಲಿ ಇನ್ನೂ ಇದ್ದಾರೆ.