ಕಿವಿಗೂ ಒಂದು ಕಟ್ಟಡ

ಹೊಸ ಕಟ್ಟಡ ನೋಡಿ ಬಂದವರನ್ನು ನಾವು ಕೇಳುವುದು ಒಂದೇ ಮಾತು: ನೋಡೋಕೆ ಹೇಗಿದೆ? ಅದರೊಳಗೆ ದನಿ ಹೇಗೆ ಕೇಳುತ್ತದೆ ಎಂದು ವಿಚಾರಿಸುವವರಿಲ್ಲ. ವಿಜಯಪುರದ ಗೋಳಗುಮ್ಮಟಕ್ಕೆ ಹೋಗಿ ಬಂದವರು ಮಾತ್ರ ಕೇಳದೆಯೇ ಅದನ್ನು ವರ್ಣಿಸುತ್ತಾರೆ.

1656ರಲ್ಲಿ ಮುಗಿದ ಈ ಗುಮ್ಮಟ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಒಳಗೆ ನಡುವೆ ಒಂದು ಕಂಬವೂ ಇಲ್ಲ. ಮೂಲೆಯ ಗೋಪುರದ ಮೆಟ್ಟಿಲುಗಳೋ ಇಕ್ಕಟ್ಟು, ಕಡಿದು. ಎದುರಿನಿಂದ ಯಾರಾದರೂ ಇಳಿದು ಬಂದರೆ ಗೋಡೆಗೆ ಆತು ನಿಲ್ಲಬೇಕು. ಏದುಸಿರು ಬಿಡುತ್ತಾ ಏಳು ಅಂತಸ್ತು ಹತ್ತಿದರೆ ಬಯಲುಸೀಮೆಯ ಗಾಳಿ ಬೆವರಿದ ಮುಖಕ್ಕೆ ರಪ್ಪನೆ ಬಡಿಯುತ್ತದೆ. ಅಲ್ಲಿಂದ ಪುಟ್ಟ ಬಾಗಿಲು ದಾಟಿದರೆ ಪಿಸುಗುಟ್ಟುವ ಗ್ಯಾಲರಿ. ಇಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ, ಎದುರು ಗೋಡೆಗೆ ಕಿವಿಗೊಟ್ಟವರಿಗೆ ಪಕ್ಕದಲ್ಲೇ ಕೂತು ಹೇಳಿದಂತೆ ಕೇಳುತ್ತದೆ. ದನಿ ಚದುರಿಹೋಗದೆ ದುಂಡು ಗೋಡೆಯ ಗುಂಟ ಹರಿದು ಬರುವುದೇ ಇದಕ್ಕೆ ಕಾರಣ. ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಮರುದನಿ. ಶಾಲಾ ಪ್ರವಾಸದ ಮಕ್ಕಳಿಗೆ ಕೂಗಿದಷ್ಟೂ ಸಾಲದು. ಕೆಳಗೆ ಮಲಗಿರುವ ಸುಲ್ತಾನನಿಗೆ ಹೇಗನಿಸುತ್ತದೋ!

ಮಕ್ಕಳ ಗದ್ದಲವಿಲ್ಲದ ಬೆಳಗಿನ ಹೊತ್ತು ಹೋಗಿ ನೋಡಿ. ನಿಮ್ಮದೇ ಹೆಜ್ಜೆ ಸಪ್ಪಳ ತಿರುಗಿ ಬಂದು ಮೈ ಜುಮ್ಮೆನ್ನುತ್ತದೆ. ಹೇಳದೆಯೇ ದನಿ ತಗ್ಗುತ್ತದೆ. ‘ಸದ್ದು ಮಾಡಬೇಡಿ’ ಎಂಬ ಫಲಕ ಮಾಡದ ಕೆಲಸವನ್ನು ಗೋಡೆ ಮಾಡುತ್ತದೆ.

ಈಗಿನ ಕಲ್ಯಾಣ ಮಂಟಪಗಳ ಕಥೆಯೇ ಬೇರೆ. ನೆಲಕ್ಕೆ ಹೊಳೆಯುವ ಟೈಲ್ಸ್, ಗೋಡೆಗೆ ಗ್ರಾನೈಟ್, ಕಿಟಕಿಗೆ ಗಾಜು. ಫೋಟೊದಲ್ಲಿ ಬಲು ಚಂದ. ಆದರೆ ಸದ್ದನ್ನು ಹೀರಿಕೊಳ್ಳುವ ವಸ್ತು ಒಂದೂ ಇಲ್ಲ. ನಾಗಸ್ವರ, ಮೈಕು, ಪಾತ್ರೆ ಸದ್ದು ಎಲ್ಲ ಕಲಸಿಹೋಗಿ, ವರ್ಷಗಳ ಮೇಲೆ ಸಿಕ್ಕ ನೆಂಟರೊಡನೆ ಕೈಸನ್ನೆಯಲ್ಲೇ ಮಾತು. ಊಟ ಚೆನ್ನಾಗಿದ್ದರೂ ತಲೆನೋವು ಹೊತ್ತು ಮನೆಗೆ ಬರುತ್ತೇವೆ. ಎಷ್ಟೋ ಬಸ್ ನಿಲ್ದಾಣಗಳಲ್ಲೂ ಇದೇ ಪಾಡು: ಧ್ವನಿವರ್ಧಕ ಕೂಗುತ್ತಲೇ ಇರುತ್ತದೆ, ಬಸ್ಸು ಯಾವ ಊರಿಗೆ ಹೋಗುತ್ತದೆಂದು ಕಂಡಕ್ಟರನ್ನೇ ಕೇಳಬೇಕು.

ದುಡ್ಡಿನ ಕೊರತೆಯಿಂದ ಆದದ್ದಲ್ಲ ಇದು. ನಕ್ಷೆ ನೋಡುವಾಗ ನಾವು ಕಣ್ಣನ್ನಷ್ಟೇ ಕರೆದೊಯ್ಯುತ್ತೇವೆ. ನಿಮ್ಮೂರಲ್ಲಿ ಸಮುದಾಯ ಭವನವೋ ಗ್ರಂಥಾಲಯವೋ ಏಳುವುದಿದ್ದರೆ, ಮುಂಭಾಗದ ಅಲಂಕಾರದ ಚರ್ಚೆಗೆ ಮೊದಲು ಎಂಜಿನಿಯರರನ್ನು ಒಂದು ಮಾತು ಕೇಳಿ: ಇದರೊಳಗೆ ನೂರು ಜನ ಕೂತಾಗ, ಕೊನೆಯ ಸಾಲಿನ ಅಜ್ಜಿಗೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆಯೇ?