ಅಡಿಗೆಮನೆಯ ಸಿಪ್ಪೆ ಡಬ್ಬಿ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



"ಈ ವಾರ ನೀವೇ ಏನಾದರೂ ಮಾತಾಡಿ" ಎಂದು ಕಾರ್ಯದರ್ಶಿಗಳು ನನಗೆ ಹೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಸಾಹಿತ್ಯವೋ ಸಂಗೀತವೋ ಇರಬೇಕು. ನಾನು ಗಿರಣಿಯ ಲೆಕ್ಕ ಬರೆಯುವವನು, ಪಂಡಿತನಲ್ಲ. ಆದುದರಿಂದ ಕೈಯಾರೆ ಮಾಡಿ, ಕೆಟ್ಟು, ಕಲಿತ ಒಂದು ವಿಷಯವನ್ನೇ ಆರಿಸಿಕೊಂಡಿದ್ದೇನೆ. ಅಡಿಗೆಮನೆಯ ಸಿಪ್ಪೆ ಚೂರುಗಳನ್ನು ಗೊಬ್ಬರಕ್ಕಾಗಿ ಕೂಡಿಡಲು ಎಂಥ ಡಬ್ಬಿ ಇರಬೇಕು ಎಂಬುದೇ ಆ ವಿಷಯ. ನಗಬೇಡಿ. ಈ ಡಬ್ಬಿಯ ದೆಸೆಯಿಂದ ನಾನು ಒಮ್ಮೆ ಸಂಸಾರಸಮೇತ ಬೀದಿಗೆ ಬೀಳುವುದರಲ್ಲಿದ್ದೆ.

ನಡೆದದ್ದು ಹೀಗೆ. ಗೊಬ್ಬರ ಮಾಡಬೇಕೆಂಬ ಉತ್ಸಾಹ ಬಂದಾಗ, ಪಾತ್ರೆ ದೊಡ್ಡದಾದಷ್ಟೂ ಒಳ್ಳೆಯದು, ಮುಚ್ಚಳ ಬಿಗಿಯಾದಷ್ಟೂ ಒಳ್ಳೆಯದು ಎಂದು ನಾನೇ ತೀರ್ಮಾನ ಮಾಡಿಕೊಂಡು, ಬಣ್ಣ ಬಳಿಯುವವರಿಂದ 20 ಲೀಟರಿನ ಖಾಲಿ ಬಕೆಟ್ಟೊಂದನ್ನು ತಂದೆ. ತರಕಾರಿ ಸಿಪ್ಪೆ, ಉಳಿದ ಸಾರನ್ನ, ಮೀನಿನ ತಲೆ, ಎಲ್ಲವನ್ನೂ ಅದಕ್ಕೇ ತುಂಬಿದ್ದಾಯಿತು. ಅಷ್ಟರಲ್ಲಿ ಊರಿನಲ್ಲಿ ಮದುವೆ. ಬಕೆಟ್ಟನ್ನು ಬಾಗಿಲ ಪಕ್ಕದಲ್ಲಿಟ್ಟು ಐದು ದಿನ ಹೋಗಿ ಬಂದೆವು. ಮೇ ತಿಂಗಳ ಸೆಖೆ ನಿಮಗೆ ಗೊತ್ತೇ ಇದೆ. ನಾವು ಬರುವಷ್ಟರಲ್ಲಿ ಮುಚ್ಚಳ ಉಬ್ಬಿ ಒಂದು ಕಡೆ ತೆರೆದುಕೊಂಡಿತ್ತು. ಹುಳುಗಳು ಸಾಲುಗಟ್ಟಿ ಪಕ್ಕದ ಮನೆಯ ಹೊಸ್ತಿಲು ದಾಟಿದ್ದವು. ಮನೆಯ ಒಡತಿ ಬಂದು, "ತಿಂಗಳು ಮುಗಿಯುತ್ತಲೇ ಮನೆ ಖಾಲಿ ಮಾಡಿ" ಎಂದುಬಿಟ್ಟರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಈ ಬೀದಿಗಳಲ್ಲಿ ಮುಂಗಡ ಕೊಟ್ಟು ಇನ್ನೊಂದು ಮನೆ ಹಿಡಿಯುವುದೆಂದರೆ ಏನೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಆ ದಿನ ನನ್ನನ್ನು ಉಳಿಸಿದವರು ಹೊಸ್ತಿಲು ಹಾಳಾದ ಆ ಪಕ್ಕದ ಮನೆಯ ಅಮ್ಮನವರೇ. ಬಂದರಿನಲ್ಲಿ ಮೀನು ಮಾರುವವರು. ನನ್ನ ಜೊತೆ ನಿಂತು ಬಕೆಟ್ಟು ತೊಳೆಸಿದರು, ಒಡತಿಯ ಹತ್ತಿರ ಮಾತನಾಡಿದರು. ಆಮೇಲೆ ನನಗೆ ಹೇಳಿದ್ದು ಒಂದೇ ಮಾತು: "ತಂಬಿ, ಗಾಳಿಯಾಡದ ಕಡೆ ನೀರು ನಿಂತರೆ ಮೀನಾದರೇನು, ಸೊಪ್ಪಾದರೇನು, ನಾರದೆ ಇರುತ್ತದೆಯೇ?"

ಶಾಸ್ತ್ರವೂ ಇದನ್ನೇ ಹೇಳುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಲ್ಲಿ ಎರಡು ಬಗೆ. ಗಾಳಿ ಬೇಕಾದವು ವಾಸನೆಯಿಲ್ಲದೆ ಕೆಲಸ ಮುಗಿಸುತ್ತವೆ. ಗಾಳಿ ಇಲ್ಲದ ಕಡೆ ಬೆಳೆಯುವವು ಹುಳಿ ನಾತವನ್ನೂ ಕೊಳೆತ ಮೊಟ್ಟೆಯ ನಾತವನ್ನೂ ಎಬ್ಬಿಸುತ್ತವೆ. ಬಿಗಿ ಮುಚ್ಚಳ, ಒದ್ದೆ, ದೊಡ್ಡ ರಾಶಿ, ಈ ಮೂರೂ ಸೇರಿದರೆ ಎರಡನೆಯ ಬಗೆಗೆ ನಾವೇ ತಾಂಬೂಲ ಕೊಟ್ಟು ಕರೆದಂತೆ.

ನಮ್ಮ ಊರುಗಳಲ್ಲಿ ಈ ತೊಡಕು ಇರಲಿಲ್ಲ. ಹಿತ್ತಲ ಬಾಗಿಲಲ್ಲಿ ಕಲಗಚ್ಚಿನ ಬಾನಿ. ಸಂಜೆಗೆ ಅದು ಹಸುವಿನ ಹೊಟ್ಟೆಗೆ. ಮಿಕ್ಕದ್ದು ತಿಪ್ಪೆಗೆ. ದಿನವೂ ಖಾಲಿಯಾಗುತ್ತಿದ್ದುದರಿಂದಲೇ ಬಾನಿ ನಾರುತ್ತಿರಲಿಲ್ಲ. ಇಲ್ಲಿ ನಮಗೆ ಹಸುವೂ ಇಲ್ಲ, ತಿಪ್ಪೆಯೂ ಇಲ್ಲ, ಹತ್ತಡಿ ಕೋಣೆಯೊಂದಿದೆ.

ಮೊದಲು ತಿಳಿಯತಕ್ಕದ್ದು ಏನೆಂದರೆ, ಕೂಡಿಡುವ ಡಬ್ಬಿ ಬೇರೆ, ಗೊಬ್ಬರ ಮಾಗುವ ಮಡಕೆ ಬೇರೆ. ಎರಡನ್ನೂ ಒಂದೇ ಮಾಡಹೋಗಿಯೇ ನಾನು ಕೆಟ್ಟದ್ದು. ಡಬ್ಬಿ ಒಲೆಯ ಪಕ್ಕದಲ್ಲಿ ಒಂದು ದಿನ, ಹೆಚ್ಚೆಂದರೆ ಎರಡು ದಿನದ ಸರಕನ್ನು ಹಿಡಿದರೆ ಸಾಕು. ನೊಣದ ಮೊಟ್ಟೆ ಒಂದು ದಿನದೊಳಗೆ ಒಡೆದು ಹುಳುವಾಗುತ್ತದೆ. ಸೆಖೆಯಲ್ಲಿ ವಾರ ಹತ್ತು ದಿನಕ್ಕೆ ರೆಕ್ಕೆ ಬಂದು ಹಾರುತ್ತದೆ. ದೊಡ್ಡ ಡಬ್ಬಿ ಇದ್ದರೆ "ಇನ್ನೂ ತುಂಬಿಲ್ಲವಲ್ಲ" ಎಂದು ನಾವು ಬಿಟ್ಟುಬಿಡುತ್ತೇವೆ. ಚಿಕ್ಕ ಡಬ್ಬಿ ತಾನೇ ನಮ್ಮನ್ನು ಎಬ್ಬಿಸಿ ಕಳಿಸುತ್ತದೆ. ನಮ್ಮ ಮನೆಯಲ್ಲಿ ನಾಲ್ಕು ಜನ. ಒಂದು ವಾರ ತೂಗಿ ಬರೆದಿಟ್ಟೆ (ಗುಮಾಸ್ತರ ಚಾಳಿ!): ದಿನಕ್ಕೆ 600ರಿಂದ 800 ಗ್ರಾಂ, ಭಾನುವಾರ ಮಾತ್ರ ಒಂದು ಕಿಲೋ ದಾಟಿತು. ಇಷ್ಟಕ್ಕೆ 3 ಅಥವಾ 4 ಲೀಟರಿನ ಪಾತ್ರೆ ಧಾರಾಳ.

ಯಾವುದರಿಂದ ಮಾಡಿದ್ದಿರಬೇಕು? ಬಿಸ್ಕತ್ತಿನ ತಗಡಿನ ಡಬ್ಬಿ ಪುಕ್ಕಟೆ ಸಿಗುತ್ತದೆ. ಆದರೆ ಸಿಪ್ಪೆಯ ಹುಳಿಯೂ ಕಡಲ ಉಪ್ಪುಗಾಳಿಯೂ ಸೇರಿ ಕೆಲವೇ ತಿಂಗಳಲ್ಲಿ ತಳ ತೂತು. ಪ್ಲಾಸ್ಟಿಕ್ ಹಗುರ, ಅಗ್ಗ. ಗೀರು ಬಿದ್ದ ಕಡೆ ಜಿಡ್ಡು ಕೂತು ವಾಸನೆ ಹೋಗುವುದೇ ಇಲ್ಲ. ಹಳೆಯದು ಮನೆಯಲ್ಲಿದ್ದರೆ ಉಪಯೋಗಿಸಿ, ಹೊಸದಾಗಿ ಕೊಳ್ಳಬೇಡಿ. ಮಣ್ಣಿನ ಕುಡಿಕೆ ತೇವವನ್ನು ಹೀರಿ ಹೊರಬಿಡುತ್ತದೆ, ನಮ್ಮ ಕುಡಿಯುವ ನೀರಿನ ಹೂಜಿಯ ಹಾಗೆಯೇ. ಆದರೆ ದಿನವೂ ಎತ್ತಿ ಇಳಿಸಿ ತೊಳೆಯುವುದಕ್ಕೆ ಅದು ಬಾಳುವುದಿಲ್ಲ. ನಾನು ಮೆಚ್ಚಿದ್ದು ಇಲ್ಲಿಯವರು ತೂಕ್ಕುವಾಳಿ ಎನ್ನುವ ಸ್ಟೀಲ್ ಪಾತ್ರೆ. ಹಿಡಿ ಉಂಟು, ಕೈ ಹೋಗುವಷ್ಟು ಬಾಯಿ ಉಂಟು, ಮೂಲೆಗಳಿಲ್ಲ, ಬೂದಿಯಲ್ಲಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದರೆ ಹೊಸತಾಗುತ್ತದೆ. ಹಳೆಯ ಪಾತ್ರೆ ಅಂಗಡಿಯಲ್ಲಿ ನಸುಗಿದ್ದೇ ಸಾಕು. ಮುಚ್ಚಳವನ್ನು ಒತ್ತಿ ಹಾಕಬೇಡಿ. ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿ ಮುಚ್ಚಳವನ್ನು ಅದರ ಮೇಲೆ ಸುಮ್ಮನೆ ಇಡಿ. ಗಾಳಿಗೆ ದಾರಿ ಇರುತ್ತದೆ, ನೊಣಕ್ಕೆ ಇರುವುದಿಲ್ಲ.

ಪಾತ್ರೆಗಿಂತ ಮುಖ್ಯವಾದದ್ದು ಅದರ ತಳ. ಎರಡು ಪದರ ವೃತ್ತಪತ್ರಿಕೆ ಹಾಸಿ, ಮೇಲೆ ಒಂದು ಹಿಡಿ ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟು ಹರಡಿ. ದೋಣಿ ಕಟ್ಟುವ ಕಡೆ ಹೊಟ್ಟು ಸಿಗುತ್ತದೆ, ಆದರೆ ಬಣ್ಣ ಎಣ್ಣೆ ಸೋಕಿದ್ದನ್ನು ತರಬೇಡಿ. ಒದ್ದೆ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು. ಕಾಗದ, ಹೊಟ್ಟು, ಒಣಗಿದ ಎಲೆಗಳಲ್ಲಿ ಇಂಗಾಲ ಹೆಚ್ಚು. ಸಾರಜನಕ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇದ್ದರೆ ರಾಶಿ ಚೆನ್ನಾಗಿ ಮಾಗುತ್ತದೆ ಎಂದು ಬಲ್ಲವರ ಲೆಕ್ಕ. ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಅಷ್ಟು ನೋಡಿಕೊಂಡರೆ ಆಯಿತು. ವಾಚನಾಲಯದ ಹಳೆಯ ಪತ್ರಿಕೆಗಳನ್ನು ಬಯಸುವವರು ಕಾರ್ಯದರ್ಶಿಗಳನ್ನು ಕೇಳಿ ಒಯ್ಯಬಹುದು. ಕಡತಕ್ಕೆ ಕಟ್ಟಿಟ್ಟದ್ದನ್ನು ಮುಟ್ಟಿದರೆ ಮಾತ್ರ ನಾನು ಹೊಣೆಯಲ್ಲ.

ಮೀನಿನ ಮಾತು. ಕಾಸಿಮೇಡಿನಲ್ಲಿದ್ದು ಮೀನು ತರಬೇಡಿ ಎನ್ನಲಾಗುವುದೇ? ತಲೆ, ಕರುಳು, ಮುಳ್ಳುಗಳು ಚಿಕ್ಕ ಮಡಕೆಗೆ ಆಗುವುದಿಲ್ಲ. ನಾತ, ಬೆಕ್ಕು, ಹೆಗ್ಗಣ ಎಲ್ಲವೂ ಬರುತ್ತವೆ. ಬಂದರಿನ ಸಂತೆಯಲ್ಲೇ ಕೂಲಿ ಕೊಟ್ಟು ಮೀನು ಕೊಯ್ಯಿಸಿ ಶುದ್ಧ ಮಾಡಿಸಿ ತರುವುದೇ ಮೇಲು. ತಟ್ಟೆಯಲ್ಲುಳಿದ ಮುಳ್ಳನ್ನು ಕಾಗದದಲ್ಲಿ ಸುತ್ತಿ ಆ ದಿನವೇ ಕಾರ್ಪೊರೇಷನ್ ಗಾಡಿಯ ಹಸಿಕಸಕ್ಕೆ ಕೊಡಿ. ಏಪ್ರಿಲ್ 15ರಿಂದ ಜೂನ್ 14ರ ವರೆಗೆ ಯಂತ್ರದೋಣಿಗಳು ನಿಲ್ಲುವ 61 ದಿನಗಳಲ್ಲಿ ಈ ತೊಂದರೆ ಕಡಿಮೆ. ಹೊಸದಾಗಿ ಪ್ರಾರಂಭಿಸುವವರಿಗೆ ಅದೇ ಒಳ್ಳೆಯ ಕಾಲ.

ಡಬ್ಬಿಯಿಂದ ಮಡಕೆಗೆ. 25 ಲೀಟರಿನ ಎರಡು ಮಣ್ಣಿನ ಮಡಕೆ, ಪಕ್ಕಕ್ಕೆ ತೂತುಗಳು, ತೂತಿಗೆ ಒಳಗಿನಿಂದ ಜಾಲರಿ, ತಾರಸಿಯಲ್ಲಿ ನೆರಳು. ಒಂದು ತುಂಬಿದ ಮೇಲೆ ಅದನ್ನು ಮಾಗಲು ಬಿಟ್ಟು ಇನ್ನೊಂದಕ್ಕೆ ಕೈಹಾಕಿ. ವಾರಕ್ಕೆರಡು ಸಲ ಕೋಲಿನಿಂದ ಕೆದಕಿ. ಒಂದರ ಮೇಲೊಂದು ಮಡಕೆ ಪೇರಿಸಿದ "ಕಂಬ" ಎಂಬುದನ್ನು ಬೆಂಗಳೂರಿನಲ್ಲಿ ಪೂನಂ ಬೀರ್ ಕಸ್ತೂರಿಯವರು 2006ರಲ್ಲಿ ಆರಂಭಿಸಿದ ಡೈಲಿ ಡಂಪ್ ಸಂಸ್ಥೆ ಬಳಕೆಗೆ ತಂದಿತು. ನಮ್ಮದು ಅದರ ಬಡ ತಮ್ಮ. ಈ ವಿದ್ಯೆಯಲ್ಲಿ ನಮ್ಮ ನಾಡಿನ ಹೆಸರು ಇನ್ನೂ ಹಳೆಯದು. ಪಟ್ಟಣದ ಕಸವನ್ನು ಗುಂಡಿಗಳಲ್ಲಿ ಪದರ ಪದರವಾಗಿ ಹಾಕಿ, ಮಣ್ಣು ಮೆತ್ತಿ, ಮಗುಚದೆಯೇ ಗೊಬ್ಬರ ಮಾಡುವ ಕ್ರಮವನ್ನು ಡಾ. ಸಿ. ಎನ್. ಆಚಾರ್ಯರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ 1939ರಲ್ಲಿ ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಅದಕ್ಕೆ "ಬೆಂಗಳೂರು ವಿಧಾನ" ಎಂದೇ ಹೆಸರು.

ಅದೇ ಬೆಂಗಳೂರಿನ ಕಸ ಮಂಡೂರು ಹಳ್ಳಿಯ ಪಕ್ಕದಲ್ಲಿ ಬೆಟ್ಟವಾಗಿ ಬೆಳೆದು, 2014ರಲ್ಲಿ ಊರವರು ಎದ್ದು ನಿಂತ ಮೇಲೆಯೇ ಲಾರಿಗಳು ನಿಂತವು. ಹಸಿಯನ್ನೂ ಒಣವನ್ನೂ ಮನೆಯಲ್ಲೇ ಬೇರೆ ಮಾಡಬೇಕೆಂದು ಕೇಂದ್ರದ ನಿಯಮ ಬಂದದ್ದು 2016ರಲ್ಲಿ. ನಮ್ಮ ಉತ್ತರ ಚೆನ್ನೈಗೆ ಕೊಡುಂಗೈಯೂರಿನ ಕಸದ ಬಯಲು ದೂರವಲ್ಲ. ಅದರ ಹೊಗೆ ಯಾರ ಮಕ್ಕಳ ಕೆಮ್ಮಾಗುತ್ತದೆಂಬುದು ಆ ಕಡೆ ವಾಸವಿರುವ ನಮ್ಮ ಸದಸ್ಯರಿಗೆ ಗೊತ್ತು.

ಬಾಡಿಗೆ ಮನೆಯಲ್ಲಿ ಗೊಬ್ಬರ ತೆಗೆದುಕೊಂಡು ಮಾಡುವುದೇನು ಎಂದು ಹಿಂದೆ ಕುಳಿತವರೊಬ್ಬರು ಕೇಳುತ್ತಿದ್ದಾರೆ. ನನ್ನ ಆ ಹಳೆಯ ಬಣ್ಣದ ಬಕೆಟ್ಟಿನಲ್ಲಿ ಈಗ ಬಸಳೆ ಹಬ್ಬಿದೆ. ಇನ್ನೊಂದು ಡಬ್ಬಿಯಲ್ಲಿ ಊರಿನಿಂದ ತಂದ ದೊಡ್ಡಪತ್ರೆ. ಮಿಕ್ಕ ಗೊಬ್ಬರ ಮನೆಯೊಡತಿಯ ಕರಿಬೇವಿನ ಗಿಡಕ್ಕೆ. ಊರಿಗೆ ಹೋಗುವಾಗ ಡಬ್ಬಿಯನ್ನು ಖಾಲಿ ಮಾಡಿ, ತೊಳೆದು, ಬೋರಲು ಹಾಕಿಯೇ ಬೀಗ ಹಾಕುತ್ತೇವೆ. ಮಡಕೆ ಕೆದಕುವ ಕೋಲು ಪಕ್ಕದ ಮನೆಯ ಅಮ್ಮನವರ ಕೈಯಲ್ಲಿರುತ್ತದೆ. ನಾನು ತಂದಿರುವ ತೂಕ್ಕುವಾಳಿ ಇಲ್ಲೇ ಮೇಜಿನ ಮೇಲಿದೆ. ಮುಚ್ಚಳ ತೆಗೆದು ಮೂಸಿ ನೋಡಬಹುದು, ನಿನ್ನೆಯ ಸಿಪ್ಪೆ ಅದರಲ್ಲೇ ಇದೆ.